ಶಾಖದ ಎಡಕ್ಕೆ ಶುಕ್ರ

ವಿಮಾ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ವೃಂದಾ ಅವರಿಗೆ ಆಕಾಶ ನೋಡುವ ಹುಚ್ಚು. ಅಣ್ಣಾ ನಗರದ ತಮ್ಮ ಫ್ಲ್ಯಾಟಿನ ಟೆರೇಸಿಗೆ ದುರ್ಬೀನು ಹೊತ್ತೊಯ್ದು, ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು ಗ್ರಹ ತೋರಿಸುತ್ತಿದ್ದರು. ನಿವೃತ್ತಿಗೆ ಮುಂಚೆಯೇ ಗ್ಲಾಕೋಮಾ ಎರಡೂ ಕಣ್ಣು ಕಸಿದುಕೊಂಡಿತು. ಒಂದಷ್ಟು ಕಾಲ ಮಂಕಾಗಿ ಕೂತರು. ಆಮೇಲೆ ತಾವಾಗಿಯೇ ಅಂಧ ಮಕ್ಕಳ ಶಾಲೆಯೊಂದಕ್ಕೆ ಹೋಗಿ, "ನಾನು ಆಕಾಶದ ಪಾಠ ಹೇಳ್ತೀನಿ" ಎಂದರು.

ಅಲ್ಲಿ ಮೌನ ಎಂಬ ಹುಡುಗಿಯಿದ್ದಳು. ಮಂಡ್ಯದ ಕಡೆಯವಳು, ಅಪ್ಪನ ರೈಲ್ವೆ ಕೆಲಸದಿಂದಾಗಿ ಈ ತಮಿಳು ಊರಿಗೆ ಬಂದವಳು. ವೃಂದಾ ಮೇಜಿನ ಮೇಲೆ ನಿಂಬೆಹಣ್ಣು, ಗೋಲಿಗಳನ್ನು ಗ್ರಹಗಳಂತೆ ಜೋಡಿಸಿ ಮುಟ್ಟಿಸಿದರೆ ಅವಳು ಒಪ್ಪಲಿಲ್ಲ.

"ಆಕಾಶ ಮೇಜಿನ ಮೇಲಿಲ್ವಲ್ಲ ಮಿಸ್. ನಾನು ಅದರೊಳಗೆ ಎಲ್ಲಿದ್ದೀನಿ?"

ಆ ಪ್ರಶ್ನೆ ವೃಂದಾ ಅವರನ್ನು ಮನೆವರೆಗೂ ಕಾಡಿತು. ಮರುವಾರ ಅವರು ಗಂಡ ಸದಾನಂದರನ್ನು ಕರೆದುಕೊಂಡು, ಅವರ ಮಂಡಿನೋವಿಗೆ ಶಾಖ ಕೊಡುವ ದೀಪವನ್ನೂ ಒಂದು ಕೈಗಂಟೆಯನ್ನೂ ತಂದರು. ದೀಪ ಹಚ್ಚಿ ಮೌನಳನ್ನು ಅದರೆದುರು ನಿಲ್ಲಿಸಿದರು.

"ಮುಖಕ್ಕೆ ಬಿಸಿ ತಾಗ್ತಿದೆಯಲ್ಲ, ಅದೇ ಸೂರ್ಯ. ನೀನೇ ಭೂಮಿ. ಇವರ ಕೈಲಿರೋ ಗಂಟೆ ಶುಕ್ರ."

ಸದಾನಂದರು ದೀಪದ ಎಡಕ್ಕೆ ನಿಂತು ಗಂಟೆ ಅಲ್ಲಾಡಿಸಿದರು.

"ಈಗ ನಿಧಾನಕ್ಕೆ ಎಡಗಡೆ ತಿರುಗು."

ಮೌನ ತಿರುಗಿದಳು. ಬಿಸಿ ಬಲಗೆನ್ನೆಗೆ ಸರಿಯಿತು, ಕಿವಿಯ ಹಿಂದಕ್ಕೆ ಜಾರಿತು.

"ಸೂರ್ಯ ಮುಳುಗಿದ ಮಿಸ್! ಗಂಟೆ ಇನ್ನೂ ಈಚೆಗೇ ಇದೆ!"

"ಅದೇ ಸಂಜೆ ಕಾಣೋ ಶುಕ್ರ. ಸೂರ್ಯನ ಹಿಂದೆ ಹಿಂದೆಯೇ ಮುಳುಗ್ತಾನೆ."

ಸದಾನಂದರು ದೀಪದ ಬಲಕ್ಕೆ ಬಂದರು. ಮೌನ ಪೂರ್ತಿ ಒಂದು ಸುತ್ತು ತಿರುಗಿದಾಗ ಬಿಸಿಗಿಂತ ಮೊದಲು ಗಂಟೆ ಎದುರಾಯಿತು. "ಬೆಳಗಿನ ಶುಕ್ರ!" ಎಂದು ತಾನೇ ಕೂಗಿದಳು.

ದೀಪದ ಸುತ್ತಲೇ ನಡೆಯುತ್ತಿದ್ದ ಸದಾನಂದರ ಗಂಟೆಯನ್ನು ಆಲಿಸುತ್ತ ಕೇಳಿದಳು:

"ಹಾಗಾದ್ರೆ ನಾನು ಸೂರ್ಯನ ಕಡೆ ಮುಖ ಮಾಡಿ ನಿಂತಾಗ ಶುಕ್ರ ನನ್ನ ಬೆನ್ನ ಹಿಂದೆ ಬರೋದೇ ಇಲ್ವಾ?"

ಅದನ್ನು ವೃಂದಾ ಇನ್ನೂ ಹೇಳಿಕೊಟ್ಟಿರಲಿಲ್ಲ.

"ಬರೋದೇ ಇಲ್ಲ ಕಣೇ. ಅವನ ದಾರಿ ನಮ್ಮದಕ್ಕಿಂತ ಒಳಗಿದೆ. ಗುರು ಬರ್ತಾನೆ, ಮಂಗಳ ಬರ್ತಾನೆ. ಹಾಗೆ ಬಂದಾಗ ರಾತ್ರಿಯಿಡೀ ಕಾಣ್ತಾರೆ."

ಅಷ್ಟರಲ್ಲಿ ಉಳಿದ ಮಕ್ಕಳು "ನಾನ್ ದಾನ್ ಗುರು!" ಎಂದು, ಗುರು ನಾನೇ ಆಗಬೇಕೆಂದು, ತಮಿಳಿನಲ್ಲಿ ಜಗಳಕ್ಕೆ ಬಿದ್ದಿದ್ದರು. ವೃಂದಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬೊಬ್ಬರನ್ನೇ ಭುಜ ಹಿಡಿದು ದೀಪದ ಸುತ್ತ ನಿಲ್ಲಿಸತೊಡಗಿದರು.