ಆಲಿಕಲ್ಲಿನ ಕಾವಲಿಗೆ ಕೂತ ನಿಕಾನೋರ್

ನಮ್ಮ ಬೆಟ್ಟದೂರು ಕಾಸಪಂಪದಲ್ಲಿ ಆಲಿಕಲ್ಲು ಬಿದ್ದರೆ ಯಾರೂ ಆಕಾಶವನ್ನು ಬೈಯುವುದಿಲ್ಲ, ಹೊಲದ ಕಾವಲುಗಾರನನ್ನು ಬೈಯುತ್ತಾರೆ. ವರ್ಷಕ್ಕೊಂದು ಮನೆಯ ಗಂಡಸು ಸರದಿಯ ಮೇಲೆ ಆಲೂಗೆಡ್ಡೆ ಹೊಲದ ಮೇಲಿನ ಹುಲ್ಲುಗುಡಿಸಲಲ್ಲಿ ಕೂರಬೇಕು. ಮೋಡ ಕಂಡರೆ ಬೆರಣಿ ಹೊತ್ತಿಸಿ, ಹಸಿ ಹುಲ್ಲು ಹಾಕಿ ಹೊಗೆ ಎಬ್ಬಿಸಬೇಕು. ಕೊಂಬು ಊದಬೇಕು, ಕವಣೆಯಲ್ಲಿ ಕಲ್ಲು ಬೀಸಬೇಕು, ಕಳ್ಳನನ್ನು ಬೈದಂತೆ ಆಲಿಕಲ್ಲನ್ನು ಬೈಯಬೇಕು. ಇದಕ್ಕೆ ಕೂಲಿ ಎಂದರೆ ಗೆಡ್ಡೆ ಕೀಳುವಾಗ ಪ್ರತಿ ಹೊಲದಿಂದ ಒಂದು ಸಾಲು.

ಪಕ್ಕದ ಮನೆಯ ನಿಕಾನೋರ್ ವಿಲ್ಕ ಹಿಂದಿನ ಸರದಿಯಲ್ಲಿ ಸೋತಿದ್ದ. ಹೂ ಬಿಟ್ಟ ಹೊಲದ ಮೇಲೆ ಆಲಿಕಲ್ಲು ಸುರಿದಿತ್ತು. ಊರಿನವರು ಅವನ ಟೋಪಿ ಕಿತ್ತುಕೊಂಡು ಅದೇ ಆಲಿಕಲ್ಲಿನ ಮೇಲೆ ಮಂಡಿಯೂರಿಸಿದರು. ಅಂದಿನಿಂದ ಅವನು ಎಲ್ಲರ ಬಾಯಲ್ಲೂ ಆಲಿಕಲ್ಲಪ್ಪ. ಒಳ್ಳೆಯ ಮನುಷ್ಯ, ತಿರುಗಿ ಒಂದು ಮಾತಾಡಿದವನಲ್ಲ. ನನಗೆ ಸಿಟ್ಟು ಬರುವುದೇ ಅದಕ್ಕೆ. ಸರದಿ ಮತ್ತೆ ಬಂದಾಗ ಅವನಿಗೆ ಬೇಕಿದ್ದದ್ದು ಆ ಹೆಸರು ತೊಳೆದುಕೊಳ್ಳುವುದಷ್ಟೇ.

ಫೆಬ್ರವರಿಯ ಒಂದು ಮಧ್ಯಾಹ್ನ ಬಿಳಿ ಹೊಟ್ಟೆಯ ಮೋಡ ಬಂತು. ನಾನೂ ಬೆರಣಿ ಹೊತ್ತು ಮೇಲೆ ಓಡಿದೆ. ನಿಕಾನೋರ್ ಕವಣೆ ಬೀಸುತ್ತಾ ಗಂಟಲು ಹರಿಯುವಂತೆ ಕೂಗುತ್ತಿದ್ದ.

“ನಡಿಯೋ ಕಳ್ಳ ನನ್ಮಗನೆ, ಇಲ್ಲೇನಿದೆ ನಿಂಗೆ? ಆ ಕಡೆ ಹೋಗು, ಆ ಕಡೆ.”

ಹೋಯಿತು. ನಮಗೆ ನಾಲ್ಕು ಹನಿ ಉದುರಿಸಿ ಮೋಡ ದಿಣ್ಣೆ ದಾಟಿತು. ಊರ ಯಜಮಾನ ಬೆನೆದಿಕ್ತೊ ಬೆಳ್ಳಿಕಟ್ಟಿನ ಕೋಲು ಹಿಡಿದು ಹತ್ತಿ ಬಂದು ತನ್ನ ಟೋಪಿಯನ್ನೇ ಅವನ ತಲೆಗಿಟ್ಟ. ನಿಕಾನೋರ್ ಮಾತ್ರ ದಿಣ್ಣೆಯನ್ನೇ ನೋಡುತ್ತಿದ್ದ. ಅದರಾಚೆ ಉರಾಯ್‌ಪಾತ, ಅವನ ಒಬ್ಬಳೇ ಮಗಳು ಬಲ್ಬಿನಾಳನ್ನು ಕೊಟ್ಟ ಊರು.

“ಆ ಕಡೆ ಅಂದ್ಬಿಟ್ನಲ್ಲಮ್ಮ,” ಎಂದ ನನಗೆ.

“ಗಾಳಿ ಬೀಸೋದೇ ಆ ಕಡೆಗೆ, ನಿಕಾನೋರಣ್ಣ. ನೀನು ಅನ್ನದಿದ್ರೂ ಅಲ್ಲಿಗೇ ಹೋಗ್ತಿತ್ತು.”

“ಹಾಗಾದ್ರೆ ನಾನ್ಯಾಕೆ ಕೂಗ್ಬೇಕಿತ್ತು?”

ನಾನು ಉಳಿದ ಬೆರಣಿ ಹೊತ್ತುಕೊಂಡು ಕೆಳಗಿಳಿದೆ.

ಮರುದಿನ ಬಲ್ಬಿನಾ ಬಂದಳು. ಆಲಿಕಲ್ಲಿಗೆ ಜಜ್ಜಿಹೋದ ಆಲೂಗೆಡ್ಡೆ ಗಿಡಗಳನ್ನು ಶಾಲಿನಲ್ಲಿ ಕಟ್ಟಿ ತಂದು ಗುಡಿಸಲ ಬಾಗಿಲಲ್ಲಿ ಸುರಿದಳು.

“ನಿಮ್ಮ ಕೊಂಬು ನಮ್ಮನೆ ತನಕ ಕೇಳಿಸ್ತಪ್ಪಾ. ‘ನಿಮ್ಮಪ್ಪ ಉಡುಗೊರೆ ಕಳಿಸಿದಾರೆ, ಹೋಗಿ ಶಾಲು ಹಾಸು’ ಅಂದ್ರು ನಮ್ಮತ್ತೆ.”

“ನನ್ನ ಪಾಲಿನ ಗೆಡ್ಡೆಯೆಲ್ಲ ನಿಂಗೇ ಕಣಮ್ಮ.”

“ಗೆಡ್ಡೆ ಕೊಟ್ರೆ ಅತ್ತೆ ಬಾಯಿ ಮುಚ್ಚುತ್ತಾ? ಮುಂದಿನ ವರ್ಷ ಬೇರೆಯವರು ಕೂರ್ಲಿ. ಅಷ್ಟು ಮಾಡಿ ಸಾಕು.”

ಗೆಡ್ಡೆ ಕಿತ್ತ ಮೇಲೆ ಊರು ಸಭೆ ಸೇರಿತು. ನಿಕಾನೋರ್ ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತ. “ನನ್ನ ಸರದಿ ಮುಗೀತು. ಬಿಟ್ಬಿಡಿ.”

“ಇಂಥಾ ಗಂಟಲು ಇರೋನ್ನ ಬಿಡೋಕಾಗುತ್ತಾ? ಇನ್ನೊಂದು ವರ್ಷ ಕೂತ್ಕೋ,” ಎಂದ ಬೆನೆದಿಕ್ತೊ.

“ಆ ಕಡೆ ನನ್ನ ಮಗಳಿದಾಳೆ.”

“ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಯ್ಯಾ.”

ಸಭೆ ನಕ್ಕಿತು. ನಾನು ಎದ್ದು ನಿಂತೆ. “ಆಲಿಕಲ್ಲು ಬಿದ್ರೂ ಅವನೇ ಸಾಯ್ಬೇಕು, ಬೀಳ್ದಿದ್ರೂ ಅವನೇ ಸಾಯ್ಬೇಕಾ?” ಎಂದೆ.

“ಅದಕ್ಕೇ, ತಾಯಿ, ಅವನನ್ನ ಕಾವಲುಗಾರ ಅನ್ನೋದು,” ಎಂದ ಯಜಮಾನ. ಮತ್ತೆ ನಕ್ಕರು.

ಗೆಡ್ಡೆಯ ಮೂಟೆ ಒಯ್ಯಲು ಬಲ್ಬಿನಾ ಗುಡಿಸಲಿಗೆ ಬಂದಾಗ ನಿಕಾನೋರ್ ತಲೆಯೆತ್ತಲಿಲ್ಲ. “ಬಿಡ್ಲಿಲ್ಲಮ್ಮ,” ಎಂದ.

“ನಮ್ಮೂರಲ್ಲೂ ಬಿಡ್ಲಿಲ್ಲ. ಬರೋ ವರ್ಷ ನಿಮ್ಮ ಅಳಿಯ ಸಾಬಿನೋನೇ ಕಾವಲು. ಮಾವ ಕಳಿಸಿದ್ದನ್ನ ಅಳಿಯನೇ ವಾಪಸ್ ಕಳಿಸ್ಲಿ ಅಂದ್ರು ಊರಿನವರು.” ಮೂಟೆಯ ಬಾಯಿ ಕಟ್ಟುತ್ತಾ ಹೇಳಿದಳು: “ಸಾಬಿನೋಗೆ ಕವಣೆ ಹೆಣೆಯೋಕೂ ಬರಲ್ಲಪ್ಪಾ.”

ನಿಕಾನೋರ್ ಎದ್ದು ಗೂಟದಲ್ಲಿ ನೇತಾಡುತ್ತಿದ್ದ ತನ್ನ ಲಾಮಾ ಪ್ರಾಣಿಯ ಉಣ್ಣೆಯ ಕವಣೆಯನ್ನು ತೆಗೆದು ಮೂಟೆಯ ಮೇಲಿಟ್ಟ.

ಈಗ ಮತ್ತೆ ಆಲಿಕಲ್ಲಿನ ತಿಂಗಳು. ನಿಕಾನೋರ್ ಗುಡಿಸಲಲ್ಲಿ ಕೂತಿದ್ದಾನೆ, ಬೇರೆ ಕವಣೆ ಹೆಣೆದಿಲ್ಲ, ಗೂಟ ಖಾಲಿಯಿದೆ. ಅದನ್ನು ಊರಿನವರು ಇನ್ನೂ ನೋಡಿಲ್ಲ. ನಾನು ನೋಡಿದ್ದೇನೆ, ಯಾರಿಗೂ ಹೇಳಿಲ್ಲ. ನನ್ನ ಹೊಲವೂ ಅವನ ಕಾವಲಿನಲ್ಲೇ ಇದೆ.