ಪಿನಿಯನ್ ಬೇರಿಂಗ್ ತಿಂದದ್ದು ಯಾರು?

ಬಾಯಿ ಮೊದಲು ಓಡಿ ಬುದ್ಧಿ ಹಿಂದಿನಿಂದ ಬರುವ ಜನರಲ್ಲಿ ನಾನೂ ಒಬ್ಬ. ನನ್ನ ಹೆಂಡತಿ ಇದನ್ನು ಮದುವೆಯಾದ ವಾರದಲ್ಲೇ ಕಂಡುಕೊಂಡಳು. ನನಗೆ ಗೊತ್ತಾಗಲು ಒಂದು ಲೋಡರಿನ ಹಿಂದಿನ ಆಕ್ಸಲ್ ಬಿಚ್ಚಬೇಕಾಯಿತು.

ಕೆಂಪಾಪುರದ ಒಳರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಮಣ್ಣು, ಜಲ್ಲಿ ಎತ್ತುವ ದೊಡ್ಡ ಯಂತ್ರಗಳ ಗೇರ್‌ಬಾಕ್ಸು, ಆಕ್ಸಲ್ಲು ರಿಪೇರಿ ಮಾಡುತ್ತೇನೆ. ಹೋದ ಬೇಸಿಗೆಯಲ್ಲಿ ಬಾಗಲಕೋಟೆ ಕಡೆಯ ಆಪರೇಟರ್ ಒಬ್ಬರು ತಮ್ಮ ಲೋಡರ್ ತಂದು ನಿಲ್ಲಿಸಿದರು. ಬಹಳ ವರ್ಷ ಯಾರು ಯಾರದೋ ಯಂತ್ರ ಓಡಿಸಿ, ಕೊನೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ವಂತದ್ದೊಂದು ಕೊಂಡಿದ್ದರು. ಅದಕ್ಕೆ ಮೈತುಂಬ ಹೊಸ ಹಳದಿ ಬಣ್ಣ. ಹಿಂದಿನ ಆಕ್ಸಲ್‌ನೊಳಗೆ ಮಾತ್ರ ಹಿಟ್ಟಿನ ಗಿರಣಿಯ ಸದ್ದು.

ಬಿಚ್ಚಿ ನೋಡಿದೆ. ಎಂಜಿನ್ನಿನ ಬಲವನ್ನು ಚಕ್ರಗಳ ಕಡೆಗೆ ತಿರುಗಿಸುವ ಹಲ್ಲಿನ ಶಾಫ್ಟಿಗೆ ಪಿನಿಯನ್ ಅನ್ನುತ್ತಾರೆ. ಅದು ಎರಡು ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಅವುಗಳಲ್ಲಿ ಒಂದರ ರೋಲರ್‌ಗಳು ಒಂದೇ ಪಕ್ಕಕ್ಕೆ ತಿಂದುಹೋಗಿ, ಕಾದು ನೀಲಿಗೆ ತಿರುಗಿದ್ದವು. ತನ್ನ ಮನೆಯೊಳಗೆ, ಅಂದರೆ ಕಬ್ಬಿಣದ ಗೂಡಿನೊಳಗೆ, ಗಟ್ಟಿಯಾಗಿ ಕೂತಿರಬೇಕಾದ ಬೇರಿಂಗಿನ ಹೊರಬಳೆ ಸುತ್ತಿಗೆಯ ಒಂದೇ ತಟ್ಟಿಗೆ ಕೈಗೆ ಬಂತು. ನನಗೆ ಪಿತ್ತ ನೆತ್ತಿಗೇರಿತು.

"ಯಾರ್ರೀ ಇದನ್ನ ಮೊದ್ಲು ಮಾಡಿದ್ದು?"

"ಅಟ್ಟೂರಿನ ಶೆಡ್ಡಿನಾಗ ಮಾಡಿಸಿದ್ದು ಅಂತ ನನಗ ಮಾರಿದಾಂವ ಹೇಳಿದ್ನ್ರಿ."

ಅಟ್ಟೂರಿನ ಶೆಡ್ಡು ಅಂದರೆ ಅಣ್ಣನದು. ನನ್ನ ಒಡಹುಟ್ಟಿದ ಅಣ್ಣನಲ್ಲ, ನನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು. ಅವರ ಹತ್ತಿರ ಎಂಟು ವರ್ಷ ಕೆಲಸ ಮಾಡಿದ ಮೇಲೆಯೇ ನಾನು ಕೆಂಪಾಪುರಕ್ಕೆ ಬಂದು ಸ್ವಂತ ಶೆಡ್ಡು ಹಾಕಿದ್ದು. ಅಣ್ಣನಿಗೆ ಈಗ ಅರುವತ್ತು ದಾಟಿದೆ. ಕಣ್ಣಿನ ಆಪರೇಷನ್ ಆದಮೇಲೆ ಧೈರ್ಯ ಕುಗ್ಗಿತ್ತು. ಸಿಕ್ಕಾಗಲೆಲ್ಲ ಒಂದೇ ಮಾತು: "ನನ್ ಕೈಯಿನ ಒಂದು ಕೆಲ್ಸ ಕೆಟ್ಟು ವಾಪಸ್ ಬರ್ಲಿ, ಅವತ್ತೇ ಶೆಡ್ಗೆ ಬೀಗ ಆಕ್ಬುಡ್ತೀನಿ ಕಣ್ಲಾ." ಶೆಡ್ಡು ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಹಬ್ಬದ ದಿನವೂ ಹೋಗಿ ಬಾಗಿಲು ತೆಗೆದು, ಸುಮ್ಮನೆ ಕೂತು ಬರುವ ಮನುಷ್ಯ.

ಇದೆಲ್ಲ ಗೊತ್ತಿದ್ದೂ ಬಾಯಿ ಬಿಟ್ಟೆ.

"ನಮ್ಗೆಲ್ಲ ಏನ್ ಪಾಠ ಹೇಳ್ತಿದ್ರು ಗೊತ್ತೇನ್ರೀ! ಈಗ ನೋಡಿ, ಕಣ್ಣೂ ಹೋಯ್ತು, ಕೈಯೂ ಹೋಯ್ತು. ಇಂಥ ಕೆಲ್ಸ ಮಾಡೋ ಬದ್ಲು ಮನೇಲಿ ಕೂತ್ಕೋಬೇಕು."

ಆ ಕೆಲಸ ಆಗಿ ಎಷ್ಟು ವರ್ಷವಾಯಿತೆಂದು ಕೇಳುವ ವ್ಯವಧಾನವೂ ನನಗಿರಲಿಲ್ಲ. ಹಳೆಯ ಬೇರಿಂಗನ್ನು ಜಿಡ್ಡಿನ ಸಮೇತ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆ. ಹೊಸದು ತರಲು ನಾನೂ ಆಪರೇಟರೂ ಅವರ ಪಿಕಪ್ಪಿನಲ್ಲಿ ಯಶವಂತಪುರಕ್ಕೆ ಹೊರಟೆವು.

ಹೆಬ್ಬಾಳದ ಫ್ಲೈಓವರ್ ಮೇಲೆ ಎಂದಿನಂತೆ ಗಾಡಿ ನಿಂತಿತು. ನನ್ನ ಬಾಯಿ ನಿಲ್ಲಲಿಲ್ಲ. ಕೇಳಿ ಕೇಳಿ ಆಪರೇಟರಿಗೂ ಬಿಸಿಯೇರಿ, ನನ್ನಿಂದಲೇ ನಂಬರ್ ಪಡೆದು ಸ್ಪೀಕರ್ ಹಾಕಿ ಅಣ್ಣನಿಗೆ ಫೋನ್ ಮಾಡಿದರು. ಇದ್ದದ್ದನ್ನು ಇದ್ದಹಾಗೆ ಹೇಳಿದರು.

"ಗ್ಯಾಪಕ ಇಲ್ಲ ಕಣಪ್ಪಾ," ಅಂದರು ಅಣ್ಣ. "ನನ್ ಶೆಡ್ಡಾಗೆ ಆಗಿದ್ರೆ ನಂದೇ ತಪ್ಪು. ಸಾಯಂಕಾಲ ಬತ್ತೀನಿ. ನಾನೇ ಕೂತು ಸರಿ ಮಾಡ್ಕೊಡ್ತೀನಿ. ಅದೇ ನನ್ ಕಡೇ ಕೆಲ್ಸ ಅನ್ಕೋ."

ಆಪರೇಟರ್ ಫೋನನ್ನು ಜೇಬಿಗಿಟ್ಟರು. "ಹಿರೇರು. ಹಂಗ ಅನ್ನಬಾರದಾಗಿತ್ತ್ರೀ ನಾನು," ಅಂದರು. ನಾನು ಕಿಟಕಿಯಾಚೆ ಕೆರೆ ನೋಡಿದೆ.

ಯಶವಂತಪುರದ ಆ ಅಂಗಡಿಯ ಕೌಂಟರಿನಲ್ಲಿ ಕೂರುವುದು ಒಬ್ಬ ಅಕ್ಕ. ಮಾವನ ಕಾಲದ ಅಂಗಡಿ. ಬೇರಿಂಗನ್ನು ಅಂಗೈ ಮೇಲಿಟ್ಟರೆ ಸಾಕು, ಅದರ ಜಾತಕ ಹೇಳುತ್ತಾರೆ. ನಾನು ನಂಬರ್ ಹೇಳಿದೆ. ಒಂದೇ ನಂಬರಿನ ಮೂರು ಡಬ್ಬಿ ತಂದು ಸಾಲಾಗಿ ಇಟ್ಟರು.

"ಡಬ್ಬಿ ನೋಡ್ಬೇಡಿ, ಬಳೆ ಮೇಲೆ ಬರ್ದಿರೋದ್ ನೋಡಿ," ಅಂದರು. ಮೊದಲನೆಯದರ ಅಕ್ಷರಗಳು ಉಗುರಿಗೂ ತಾಕದಷ್ಟು ತೆಳು, ನಕಲಿ ಮಾಲಿನ ಗುರುತು. ಅಕ್ಕ ಅದನ್ನು ತಾವೇ ಪಕ್ಕಕ್ಕೆ ತಳ್ಳಿದರು. "ಇದು ಕೈಗಾಡಿಗೆ ಸಾಕು. ನಿಮ್ ಲೋಡರ್‌ಗೆ ಹಾಕಿದ್ರೆ ಮುಂದಿನ ತಿಂಗ್ಳು ಮತ್ತೆ ನನ್ ಮುಖ ನೋಡ್ತೀರ." ಎರಡನೆಯದರಲ್ಲಿ ರೋಲರ್ ಭಾಗ ಒಂದು ಕಂಪನಿಯದು, ಹೊರಬಳೆ ಇನ್ನೊಂದರದು. ಅದು ಬೇಡವೆಂದು ನಾನೇ ಹೇಳಿದೆ. ಒಟ್ಟಿಗೆ ಹುಟ್ಟಿದ ಜೋಡಿಯೇ ಬೇಕು. ಮೂರನೆಯದು ಹಾಗಿತ್ತು, ತೂಕವಾಗಿ, ತಿರುಗಿಸಿದರೆ ಸದ್ದೇ ಇಲ್ಲದೆ.

"ಇದೇ ಕೊಡಿ."

"ತಡೀರಿ, ಹಳೇದು ಕೊಡಿ ಇಲ್ಲಿ. ಒಳಗಡೆ ಎಲ್ರೂ ನೋಡ್ತಾರೆ, ಬೆನ್ನು ಯಾರೂ ನೋಡಲ್ಲ."

ಬಟ್ಟೆಯಿಂದ ಹಳೆಯ ಹೊರಬಳೆಯ ಜಿಡ್ಡು ಒರೆಸಿ, ಬೆನ್ನನ್ನು ಬೆಳಕಿಗೆ ತಿರುಗಿಸಿದರು. ತುಕ್ಕಿನ ಬಣ್ಣದ ಸಣ್ಣ ಸಣ್ಣ ಚುಕ್ಕಿಗಳು ಕಂಡವು.

"ಪಂಚ್ ಹೊಡ್ದಿದಾರೆ ನೋಡಿ."

ಬೇರಿಂಗ್ ಕೂರುವ ಮನೆ ಸವೆದು ಸಡಿಲವಾದಾಗ ಸೋಮಾರಿಗಳು ಮಾಡುವ ಕೆಲಸವದು. ಮೊನಚು ಪಂಚಿನಿಂದ ಒಳಗೋಡೆಗೆ ಕುಟ್ಟಿದರೆ ಕಬ್ಬಿಣ ಅಲ್ಲಲ್ಲಿ ಉಬ್ಬಿ, ಹೊರಬಳೆ ಬಿಗಿಯಾಗಿ ಕೂತಂತೆ ಕಾಣುತ್ತದೆ; ಆ ಉಬ್ಬುಗಳ ಅಚ್ಚೇ ಬಳೆಯ ಬೆನ್ನ ಮೇಲಿನ ಚುಕ್ಕಿಗಳು. ಕೆಲವು ಕಾಲ ಅಷ್ಟೆ. ಆಮೇಲೆ ಬಳೆ ವಾರೆಯಾಗಿ ಬೇರಿಂಗನ್ನು ತಿಂದುಹಾಕುತ್ತದೆ. ಸರಿಯಾದ ದಾರಿಯೆಂದರೆ ಮನೆಯನ್ನು ಲೇತ್ ಯಂತ್ರದಲ್ಲಿ ಕೊರೆದು, ಒಳಗೊಂದು ಹೊಸ ಸ್ಲೀವ್, ಅಂದರೆ ಕೊಳವೆಯಂಥ ಬಳೆ, ಕೂರಿಸುವುದು.

"ಮನೆ ಸರಿ ಮಾಡ್ಸಿ ಆಮೇಲೆ ಇದನ್ನ ಹಾಕಿ. ಇಲ್ದಿದ್ರೆ ಚಿನ್ನದ ಬೇರಿಂಗ್ ತಗೊಂಡ್ರೂ ಉಳಿಯಲ್ಲ," ಅಂದ ಅಕ್ಕ ನಕ್ಕರು. "ಏನ್ ಸೊಗಸಾಗಿ ಹೊಡ್ದಿದಾರೆ ನೋಡ್ರೀ. ಮೂರು ಚುಕ್ಕಿ, ಜಾಗ, ಮೂರು ಚುಕ್ಕಿ, ಜಾಗ."

ನನ್ನ ಕಿವಿ ಬಿಸಿಯಾಯಿತು. ಅಣ್ಣ ಜನ್ಮದಲ್ಲಿ ಪಂಚ್ ಹೊಡೆದವರಲ್ಲ. ನಾನು ಹೊಡೆಯುವುದನ್ನು ನೋಡಿ ಒಮ್ಮೆ ನನ್ನ ಪಂಚನ್ನೇ ಕಿತ್ತುಕೊಂಡು ಕಾಂಪೌಂಡ್ ಆಚೆ ಎಸೆದಿದ್ದರು. ಅವರು ಇಲ್ಲದ ದಿನ ಕದ್ದು ಹೊಡೆಯುತ್ತಿದ್ದ ಕಳ್ಳ ಆ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಅವನಿಗೆ ಮೂರು ಮೂರಾಗಿ ಹೊಡೆಯುವ ಚಟ ಇತ್ತು. ಆಕ್ಸಲ್‌ಗಳು ಬಿಡಿಯಾಗಿ ಬಂದು ಹೋಗುತ್ತಿದ್ದುದರಿಂದ ಯಾವುದು ಯಾವ ಯಂತ್ರದ್ದೆಂದು ಅವನು ತಲೆ ಕೆಡಿಸಿಕೊಂಡವನೂ ಅಲ್ಲ.

ಹೊರಬಳೆಯನ್ನು ಅಕ್ಕನ ಕೈಯಿಂದ ಇಸಿದುಕೊಂಡು ಪ್ಯಾಂಟಿನ ಜೇಬಿಗೆ ತುರುಕಿದೆ. ಚೌಕಾಸಿ ಮಾಡದೆ ಬೇರಿಂಗ್ ಕಟ್ಟಿಸಿಕೊಂಡೆ.

"ಯಾಕೆ, ಇವತ್ತು ಮೈಗೆ ಹುಷಾರಿಲ್ವಾ?" ಅಂದರು ಅಕ್ಕ.

ವಾಪಸ್ ಬರುವಾಗ ಆಪರೇಟರ್ ಊರಿನ ಕತೆ ಹೇಳುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅಣ್ಣ ಒಪ್ಪಿಕೊಂಡೂ ಆಗಿದೆ. ನಿಜ ಹೇಳುತ್ತೇನೆ, ಗಂಗಾನಗರ ದಾಟುವವರೆಗೆ ಸುಮ್ಮನಿರುವುದೆಂದೇ ತೀರ್ಮಾನಿಸಿದ್ದೆ. ನಾಚಿಕೆಯಾಗುತ್ತದೆ ನೆನೆದರೆ.

ಶೆಡ್ಡಿಗೆ ಬಂದರೆ ಅಣ್ಣ ಆಗಲೇ ಬಂದು ಕೂತಿದ್ದರು. ಪಿನಿಯನ್ನಿನ ಮನೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಸೀಮೆಎಣ್ಣೆಯಲ್ಲಿ ಒರೆಸಿ, ಒಳಗೆ ಬೆರಳಾಡಿಸುತ್ತಿದ್ದರು. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು.

"ಬಾರ್ಲಾ. ಇಲ್ಲಿ ಪಂಚ್ ಒಡ್ದಂಗೈತೆ. ನಂಗೆ ಸರಿಯಾಗಿ ಕಾಣಾಕಿಲ್ಲ." ಒಂದು ಗಳಿಗೆ ತಡೆದು ಕೇಳಿದರು: "ನಾನೇ ಒಡ್ದಿದ್ನೇನ್ಲಾ? ಬಾಳ ಹಳೇ ಕೆಲ್ಸ, ನೀನಿದ್ದಾಗಿಂದೇ ಇರ್ಬೇಕು, ನಿಂಗೇನಾರಾ ಗ್ಯಾಪಕ ಐತಾ?"

ಪಂಚ್ ಕಂಡರೆ ಉರಿದುಬೀಳುತ್ತಿದ್ದ ಮನುಷ್ಯ ತಾನೇ ಹೊಡೆದಿರಬಹುದೆಂದು ನಂಬಲು ತಯಾರಾಗಿದ್ದರು. ಅದನ್ನೂ ನನ್ನನ್ನೇ ಕೇಳುತ್ತಿದ್ದರು.

"ಹೊಡ್ದಿದ್ದು ನಾನು, ಅಣ್ಣಾ," ಅಂದೆ. ಜೇಬಿನಿಂದ ಹೊರಬಳೆ ತೆಗೆದು ಅವರ ಕೈಗಿಟ್ಟೆ. "ಮೂರು ಮೂರು ಚುಕ್ಕಿ. ನೀವಿಲ್ದಾಗ ಹೊಡ್ದಿದೀನಿ. ನಿಮ್ ಕೈ ಏನೂ ಹೋಗಿಲ್ಲ." ಆಪರೇಟರ್ ಕಡೆಗೂ ತಿರುಗಿದೆ. "ಬೆಳಿಗ್ಗೆಯಿಂದ ಬೈದದ್ದೆಲ್ಲ ನನಗೇ ಕಣ್ರೀ."

ಅಣ್ಣ ಮನೆಯೊಳಗೆ ಮತ್ತೆ ಬೆರಳಿಟ್ಟು ನಿಧಾನವಾಗಿ ಎಣಿಸಿದರು. ಆಮೇಲೆ ನನ್ನ ಬೆನ್ನಿಗೊಂದು ಬಿತ್ತು ನೋಡಿ, ಅದರ ಸದ್ದು ಪಕ್ಕದ ಟೈರ್ ಅಂಗಡಿಗೂ ಕೇಳಿಸಿರಬೇಕು.

"ಮಧ್ಯಾಹ್ನದಿಂದ ನನ್ ಜೀವ ತಿಂದ್ಬುಟ್ಯಲ್ಲೋ ಕಳ್ ನನ್ಮಗನೆ! ಆ ಪಂಚ್ ಎಸೆದಾಗ್ಲೇ ನಿನ್ನೂ ಎಸೀಬೇಕಾಗಿತ್ತು!"

ಹತ್ತು ನಿಮಿಷ ಉಗಿದರು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನಗೆ ಬೇರೆ ನೆನಪಿಲ್ಲ. ಆಪರೇಟರ್ ನಗು ತಡೆಯಲಾಗದೆ ಟೀ ತರುತ್ತೇನೆಂದು ಹೊರಗೆ ಹೋದರು.

ಉಗಿದು ಮುಗಿಸಿ ಅಣ್ಣ ಎದ್ದರು. "ಎತ್ತು ಅದನ್ನ, ಲೇತ್‌ಗೆ ಓಗಾಣ. ಸ್ಲೀವ್ ಕೂರ್ಸೋದು ನಾನ್ ನೋಡ್ಕತೀನಿ. ಅಳತೆ ನೀನ್ ಓದು." ಲೇತ್ ಅಂಗಡಿಯವನಿಗೆ ಕೆಲಸ ವಹಿಸಿ ಬೆಂಚಿನ ಮೇಲೆ ಕೂತಾಗ, ಫೋನನ್ನು ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದು ನಂಬರ್ ಹುಡುಕಿ ಹೆಂಡತಿಗೆ ಕರೆ ಮಾಡಿದರು.

"ಊಂ ಕಣೆ, ನಾನೇ. ಮಧ್ಯಾಹ್ನ ಏಳಿದ್ನಲ್ಲ, ಇನ್ ಮ್ಯಾಕೆ ಶೆಡ್ಗೆ ಓಗಾಕಿಲ್ಲ ಅಂತ? ನಾಳೀಕೆ ಬುತ್ತಿ ಕಟ್ಟು."