ಸರ್ವೆ ಕೊಂಬೆಯ ಕ್ರಿಸ್‌ಮಸ್

ತೊಂಬತ್ತಾರರ ಡಿಸೆಂಬರ್ ಇಪ್ಪತ್ತನಾಲ್ಕರ ಮಧ್ಯಾಹ್ನ, ಬೆಳಗಿನ ಪಾಳಿ ಬಿಡುವ ಹೊತ್ತಿಗೆ, ನಾನು ಪೀಣ್ಯದ ನಮ್ಮ ಕಾರ್ಖಾನೆಯ ಫರ್ನೇಸ್ ಶೆಡ್ಡಿನಲ್ಲಿ, ಒಳಗೆ ಬಂದರೆ ಎಡಗಡೆ, ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಅಲ್ಲಿಂದ ಬಾಗಿಲೂ ಕಾಣುತ್ತಿತ್ತು, ಮರವೂ ಕಾಣುತ್ತಿತ್ತು.

ಮರ ಎಂದರೆ ಸರ್ವೆ ಮರದ ಒಂದು ಕೊಂಬೆ. ಯಾದಗಿರಿ ಕಡೆಯ ನಮ್ಮ ವೆಲ್ಡರ್ ಅದನ್ನು ಮಾಕಳಿಯಿಂದ ಸೈಕಲ್ಲಿಗೆ ಕಟ್ಟಿಕೊಂಡು ತಂದು, ಎಣ್ಣೆ ಡಬ್ಬಕ್ಕೆ ಮರಳು ತುಂಬಿ ನೆಟ್ಟಿದ್ದ. ತಗಡು ಕತ್ತರಿಸಿ ನಕ್ಷತ್ರವನ್ನೂ ಮಾಡಿದ್ದ. ಕ್ಯಾಂಟೀನಿನ ಅಕ್ಕ ಹಳೆಯ ದಿಂಬು ಬಿಚ್ಚಿ, ಹಿಮ ಬಿದ್ದ ಹಾಗೆ ಹತ್ತಿ ಅಂಟಿಸಿದ್ದರು. ಬುಡದಲ್ಲಿ ಆಯುಧಪೂಜೆಗೆ ಇಡುವ ಹಾಗೆ ಬಾಳೆಹಣ್ಣು, ಕಡಲೆಪುರಿ, ಜೊತೆಗೊಂದು ಬೇಕರಿ ಕೇಕು.

ಇದೆಲ್ಲ ಹೊಸ ಫರ್ನೇಸ್ ಕೂರಿಸಲು ಜರ್ಮನಿಯಿಂದ ಬಂದಿದ್ದ ಎಂಜಿನಿಯರಿಗಾಗಿ. ಅರವತ್ತರ ಹತ್ತಿರದವರು. ಅವರ ಇಂಗ್ಲಿಷನ್ನು ಉಳಿದವರಿಗೆ ತಿಳಿಸುವ ಕೆಲಸ ನನ್ನದು. ಕರೆಂಟು ಹೋಗಿ ಹೋಗಿ ಪರೀಕ್ಷೆ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಹಬ್ಬಕ್ಕೆ ಊರಿಗೆ ಹೋಗಿ ಬನ್ನಿ ಎಂದು ಮ್ಯಾನೇಜರು ಹೇಳಿದರೂ ಅವರು ಹೋಗಲಿಲ್ಲ. ದಿನವಿಡೀ ಆ ಕಾವಿನ ಮುಂದೆ. ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಆ ತಿಂಗಳು ನಾವೂ ಸೋತುಹೋಗಿದ್ದೆವು. ಆದರೆ ನಾವು ಪಾಳಿ ಮುಗಿದರೆ ಮನೆಗೆ ಹೋಗುತ್ತಿದ್ದೆವು. ಇಷ್ಟು ದೂರ ಬಂದ ಮನುಷ್ಯ ಹಬ್ಬವಿಲ್ಲದೆ ಇರುವುದು ನಮಗೆ ಸರಿ ಕಾಣಲಿಲ್ಲ. ಮಾರನೆಯ ದಿನ ರಜೆ. ಹಾಗಾಗಿ ಒಂದು ದಿನ ಮೊದಲೇ ಮಾಡಿದೆವು.

ಮ್ಯಾನೇಜರ ಬಳಿ ಹೋಗಿದ್ದ ಅವರು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಮರ ನೋಡಿದರು. ನಾವು ಚಪ್ಪಾಳೆ ತಟ್ಟಿದೆವು. ಅವರು ಒಂದು ಕೈಯಲ್ಲಿ ಚೌಕಟ್ಟು ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತುಬಿಟ್ಟರು. ಬೀಳಲಿಲ್ಲ, ಕುಳಿತರು. ಚಪ್ಪಾಳೆ ಒಮ್ಮೆಲೇ ನಿಲ್ಲಲಿಲ್ಲ. ಹಿಂದಿದ್ದವರು ಇನ್ನೂ ತಟ್ಟುತ್ತಿದ್ದರು.

“ಝಳ ಬಡದೈತ್ರೀ ಸಾಹೇಬ್ರಿಗೆ! ಫ್ಯಾನ್ ಹಚ್ಚ್ರೀ!” ಎಂದು ವೆಲ್ಡರ್ ಕೂಗಿದ.

ನಾನು ಬಟ್ಟೆ ಒದ್ದೆ ಮಾಡಿ ಅವರ ಹಣೆಗಿಟ್ಟೆ. ಅವರು ಅದನ್ನು ತೆಗೆದು, ಸೆಕೆಯಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮುಂದೆ ಹೇಳಿದ್ದನ್ನು ನಾನು ಉಳಿದವರಿಗೆ ಕನ್ನಡದಲ್ಲಿ ತಿಳಿಸಿದೆ: “ಹೆಂಡ್ತಿ ತೀರ್ಕೊಂಡಿದಾರಂತೆ, ಏಪ್ರಿಲಲ್ಲಿ. ಮನೇಲಿ ಮರ ಸಿಂಗಾರ ಮಾಡ್ತಿದ್ದಿದ್ದು ಅವ್ರೇ ಅಂತೆ. ಅದನ್ನ ನೋಡ್ಬಾರ್ದು ಅಂತಾನೇ ಇಲ್ಲಿಗೆ ಬಂದ್ರಂತೆ.”

ವೆಲ್ಡರ್ ನನ್ನನ್ನು ನೋಡಿದ. “ತಿಂಗಳಾತು, ದಿನಾ ಅವ್ರ ಕೂಡ ಇಂಗ್ಲಿಷ್ ಮಾತಾಡ್ತೀರಿ. ಬರೇ ಮಶೀನಿನ ಸುದ್ದಿ ಕೇಳಿದ್ರೇನ್ರೀ?”

“ಸುಮ್ಕಿರಪ್ಪ ನೀನು,” ಎಂದರು ಅಕ್ಕ. “ಅಯ್ಯೋ ಶಿವನೇ, ವರ್ಸ ತುಂಬ್ದೆ ಇರೋರ್ಗೆ ನಾವು ಅಬ್ಬ ಮಾಡ್ಸಕ್ ಓದ್ವಲ್ಲ.”

ಅಕ್ಕ ಮರದ ಹತ್ತಿರ ಹೋಗಿ ಹತ್ತಿ ಬಿಡಿಸತೊಡಗಿದರು. ಆಮೇಲೆ ನಕ್ಷತ್ರ ಇಳಿಸಿದರು. ಕೇಕಿನ ಮೇಲೆ ಪೇಪರು ಮುಚ್ಚಿದರು.

ಈಕೆಗೆ ಕೋಪ ಬಂತೇ ಎಂದು ಎಂಜಿನಿಯರ್ ಕೇಳಿದರು. ಇಲ್ಲ, ಎಂದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ನಾವು ಹಬ್ಬ ಮಾಡುವುದಿಲ್ಲ, ಬಾಗಿಲಿಗೆ ತೋರಣ ಕಟ್ಟುವುದಿಲ್ಲ, ಒಲೆಗೆ ಬಾಣಲೆ ಇಡುವುದಿಲ್ಲ, ಅಕ್ಕಪಕ್ಕದವರೇ ಏನಾದರೂ ತಂದು ಕೊಡುತ್ತಾರೆ, ಎಂದು ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ, ಊರಿನಲ್ಲಿ ಮಗಳು, ತಮ್ಮ, ಎಲ್ಲರೂ ಹಬ್ಬ ಮಾಡು, ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ಮಾಡಬೇಡ ಎಂದವರು ಈಕೆಯೊಬ್ಬರೇ, ಎಂದರು. ಅದನ್ನು ನಾನು ಅಕ್ಕನಿಗೆ ಹೇಳಿದೆ.

ಅಕ್ಕ ತಮ್ಮ ಬುತ್ತಿ ತಂದು ಬಿಚ್ಚಿದರು. ಅನ್ನ, ಹುರುಳಿ ಸಾರು. “ಅಬ್ಬದ್ದಲ್ಲ ಅಂತ ಯೋಳಿ ಸಾರ್. ನಮ್ಮನೇದು.”

ಎಂಜಿನಿಯರ್ ಅಲ್ಲೇ, ಬಾಗಿಲಲ್ಲೇ ಕುಳಿತು, ಪೂರ್ತಿ ಉಂಡರು. ವೆಲ್ಡರ್ ಬರಿಯ ಕೊಂಬೆಯನ್ನು ಹೊರಗೆ ಹೊತ್ತುಕೊಂಡು ಹೋದ. ಕರೆಂಟು ಅವತ್ತು ಹೋಗಲಿಲ್ಲ.

ಇದನ್ನು ಕಂಡವರಲ್ಲಿ ಅಕ್ಕ ಈಗಿಲ್ಲ. ಎಂಜಿನಿಯರ್ ಇದ್ದಾರೋ ಇಲ್ಲವೋ ತಿಳಿಯದು. ವೆಲ್ಡರ್ ಬಾಗಲಗುಂಟೆಯಲ್ಲಿದ್ದಾನೆ, ಕಣ್ಣು ಮಂಜಾಗಿದೆ. ಕೇಳಿದರೆ ಅವನೂ ಹೀಗೇ ಹೇಳುತ್ತಾನೆ, ಆ ಕೇಕನ್ನು ಕೊನೆಗೆ ಯಾರು ತಿಂದರು ಎಂಬುದೊಂದನ್ನು ಬಿಟ್ಟು.